ಖಗೋಳವಿಜ್ಞಾನ ಪತ್ರಿಕೆಯ ಚರಿತ್ರೆ ಮತ್ತು ಕೋಲಾರ ಸೀಮೆ

ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಪತ್ರಿಕೆಗಳನ್ನು ಬದಿಗಿರಿಸಿ ಬರೆಯಲಾರರು. ಮಾಲೂರು ತಾಲ್ಲೂಕಿನ ಮಾಸ್ತಿಯನ್ನು ತಮ್ಮ ಹೆಸರಿನೊಡನೆ ಬೆಸೆದುಕೊಂಡ ವೆಂಕಟೇಶ ಅಯ್ಯಂಗಾರ್ಯರು ದೀರ್ಘಕಾಲ ಸಂಪಾದಿಸಿದ ‘ಜೀವನ’ವನ್ನಾಗಲಿ, ಮೈಸೂರು ವಿಶ್ವವಿದ್ಯಾಲಯದ ‘ಪ್ರಬುದ್ಧ ಕರ್ಣಾಟಕ’ವನ್ನಾಗಲಿ ಬಿಟ್ಟು ನವೋದಯ ಕಾಲದ ವಿಚಾರ ವಿನಿಮಯವನ್ನು ವಿವರಿಸುವುದು ಸಾಧ್ಯವಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಮಾತ್ರ ಈ ಎಚ್ಚರ ಕಡಿಮೆ. ದೂರದರ್ಶಕಗಳನ್ನು, ಪ್ರಯೋಗಶಾಲೆಗಳನ್ನು, ವಿಜ್ಞಾನಿಗಳ ಜೀವನವನ್ನು ಕುರಿತು ಬರೆಯುವ ನಾವು ಆ ದುಡಿಮೆಯ ಫಲ ಅಚ್ಚಾದ ಪುಟಗಳ ಕಡೆಗೆ ಕಣ್ಣು ಹಾಯಿಸುವುದು ವಿರಳ.

ಅವಿಭಜಿತ ಕೋಲಾರ ಜಿಲ್ಲೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಅಪೂರ್ವ ವೀಕ್ಷಣಾ ನೆಲೆಗಳನ್ನು ಹೊಂದಿತ್ತು. ಒಂದು ಕೋಲಾರ ಚಿನ್ನದ ಗಣಿಯ ಆಳ. ಇನ್ನೊಂದು ಗೌರಿಬಿದನೂರಿನ ಬಯಲು. ಇವೆರಡರಿಂದ ಹೊರಟ ಸಂಶೋಧನೆಗಳು ಎಲ್ಲಿ ಅಚ್ಚಾದವು, ಏಕೆ ಅಲ್ಲಿಯೇ ಅಚ್ಚಾದವು ಎಂಬ ಪ್ರಶ್ನೆಯನ್ನು ಹಿಡಿದು ನಡೆದರೆ ಬೆಂಗಳೂರಿನಿಂದ ಪ್ರಕಟವಾಗುವ ಖಗೋಳವಿಜ್ಞಾನ ಪತ್ರಿಕೆಯ ಚರಿತ್ರೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಒಂದು ನೆಲದ ಸಂಶೋಧನೆ ಹೊರಗೆ ಅಚ್ಚಾದರೆ ದೊರೆಯುವುದೇನು, ಮನೆಯಲ್ಲಿ ಅಚ್ಚಾದರೆ ಉಳಿಯುವುದೇನು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ವೀಕ್ಷಣಾಲಯದ ಬುಲೆಟಿನ್‌ನಿಂದ ಅಕಾಡೆಮಿಯವರೆಗೆ

ದಕ್ಷಿಣ ಭಾರತದಲ್ಲಿ ಆಧುನಿಕ ಖಗೋಳ ವೀಕ್ಷಣೆಯ ಪ್ರಕಟಣೆಗಳು ಮೊದಲು ವೀಕ್ಷಣಾಲಯಗಳಿಂದಲೇ ಹೊರಬಂದವು. ಮದ್ರಾಸ್ ವೀಕ್ಷಣಾಲಯದಲ್ಲಿ ಟಿ. ಜಿ. ಟೇಲರ್ ಸಿದ್ಧಪಡಿಸಿದ, ಹನ್ನೊಂದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ 1844ರಲ್ಲಿ ಮುದ್ರಣವಾಯಿತು. 1899ರಲ್ಲಿ ಕಾರ್ಯಾರಂಭ ಮಾಡಿದ ಕೊಡೈಕೆನಾಲ್ ಸೌರ ವೀಕ್ಷಣಾಲಯವು ತನ್ನದೇ ಬುಲೆಟಿನ್‌ಗಳನ್ನು ಹೊರಡಿಸಿತು. ಸೂರ್ಯಕಲೆಗಳ ರೋಹಿತವನ್ನು ಪರೀಕ್ಷಿಸಿದ ಜಾನ್ ಎವರ್ಷೆಡ್, ಕಲೆಯ ನಡುವಿನಿಂದ ಅಂಚಿನ ಕಡೆಗೆ ಅನಿಲ ಹರಿಯುವುದನ್ನು 1909ರ ಜನವರಿಯಲ್ಲಿ ಗುರುತಿಸಿದರು. ಇಂದಿಗೂ ಅವರ ಹೆಸರಿನಿಂದಲೇ ಕರೆಯಲಾಗುವ ಈ ವಿದ್ಯಮಾನದ ವರದಿ ಅದೇ ವರ್ಷ ಕೊಡೈಕೆನಾಲ್ ಬುಲೆಟಿನ್‌ನ 15ನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಗೂ ಅವರು ಅದನ್ನು ಕಳುಹಿಸಿದ್ದರು. ಮನೆಯಲ್ಲಿ ಅಚ್ಚು ಹಾಕಿಸಿ ಹೊರಗೆ ಸಾರುವ ಈ ಎರಡು ಹಾದಿಯ ಕ್ರಮವನ್ನು ಮುಂದೆಯೂ ಪದೇ ಪದೇ ಕಾಣುತ್ತೇವೆ.

ಆದರೆ ವೀಕ್ಷಣಾಲಯದ ಬುಲೆಟಿನ್‌ಗೆ ಒಂದು ಮಿತಿಯಿತ್ತು. ಅದು ತನ್ನ ಸಂಸ್ಥೆಯ ಕೆಲಸವನ್ನಷ್ಟೇ ಪ್ರಕಟಿಸುತ್ತಿತ್ತು. ಬೇರೆಡೆಯ ವಿದ್ವಾಂಸರು ಬರೆಯುವ, ಹೊರಗಿನ ಪರಿಶೀಲಕರು ಒರೆಗೆ ಹಚ್ಚುವ ಸಾರ್ವಜನಿಕ ಪತ್ರಿಕೆ ಇನ್ನೊಂದು ಬಗೆಯದು. ಅಂಥ ಪತ್ರಿಕೆಗಳ ಅಗತ್ಯವನ್ನು ಬಲವಾಗಿ ನಂಬಿದ್ದವರು ಸಿ. ವಿ. ರಾಮನ್. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಅವರು ಮಾಡಿದ ಉಪನ್ಯಾಸವೇ ಕಲ್ಕತ್ತೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಪ್ರಕಟವಾಗಿ ರಾಮನ್ ಪರಿಣಾಮದ ಮೂಲ ದಾಖಲೆಗಳಲ್ಲಿ ಒಂದಾಯಿತು. ನೊಬೆಲ್ ಪಾರಿತೋಷಕಕ್ಕೆ ಪಾತ್ರವಾದ ಶೋಧವೊಂದು ಭಾರತೀಯ ಪತ್ರಿಕೆಯ ಪುಟಗಳಲ್ಲಿ ಹೀಗೆ ನೆಲೆಗೊಂಡಿತು. 1934ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದೇ ವರ್ಷದ ಜುಲೈಯಿಂದ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ ತಿಂಗಳು ತಿಂಗಳೂ ಹೊರಡತೊಡಗಿತು. ಖಗೋಳವಿಜ್ಞಾನಕ್ಕೆ ಆಗ ಅದರಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಭೌತವಿಜ್ಞಾನದ ಲೇಖನಗಳ ನಡುವೆಯೇ ಅದಕ್ಕೂ ಎಡೆ ದೊರೆಯಬೇಕಿತ್ತು.

ಗಣಿಯ ಆಳ ಮತ್ತು ಆದ್ಯತೆಯ ಪ್ರಶ್ನೆ

ಕೋಲಾರದ ಗಣಿಗಳಲ್ಲಿ ವಿಶ್ವಕಿರಣಗಳ ಅಧ್ಯಯನ 1950ರ ದಶಕದ ಆರಂಭದಲ್ಲಿ ತೊಡಗಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಉಪಕರಣಗಳನ್ನು ಗಣಿಯೊಳಗೆ ಇಳಿಸಿ, ಆಳಕ್ಕೆ ಹೋದಂತೆ ಮ್ಯೂಯಾನ್ ಕಣಗಳ ಸಂಖ್ಯೆ ಹೇಗೆ ಕುಗ್ಗುತ್ತದೆ ಎಂಬುದನ್ನು ಅಳೆದರು. ಮುಂದೆ 1960ರ ದಶಕದಲ್ಲಿ ಇನ್ನೂ ಆಳದಲ್ಲಿ ನಡೆದ ಎಣಿಕೆಗಳು ಅತ್ಯಂತ ಕೆಳಗಿನ ನೆಲೆಯಲ್ಲಿ ಶೂನ್ಯಕ್ಕೆ ಇಳಿದವು. ಮೇಲಿನಿಂದ ಬರುವ ಕಣಗಳನ್ನೆಲ್ಲ ಬಂಡೆಯೇ ತಡೆದ ಮೇಲೆ, ಬಂಡೆಯನ್ನೂ ಭೂಮಿಯನ್ನೂ ತೂರಿ ಬರಬಲ್ಲ ನ್ಯೂಟ್ರಿನೊಗಳನ್ನು ಅಲ್ಲಿ ಹುಡುಕಬಹುದೆಂಬ ಯೋಚನೆ ಈ ಶೂನ್ಯದಿಂದಲೇ ಬಲಗೊಂಡಿತು.

1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ನ್ಯೂಟ್ರಿನೊಗಳಿಂದ ಹುಟ್ಟಿದ ಮ್ಯೂಯಾನ್‌ಗಳನ್ನು ಪತ್ತೆ ಹಚ್ಚಿದರು. ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಉಂಟಾಗುವ ನ್ಯೂಟ್ರಿನೊಗಳು ಇವು. ನಕ್ಷತ್ರಗಳಿಂದ ಬರುವ ಬೆಳಕನ್ನಲ್ಲದೆ ಕಣಗಳನ್ನೂ ಹಿಡಿದು ವಿಶ್ವವನ್ನು ಅರಿಯುವ ಈಗಿನ ನ್ಯೂಟ್ರಿನೊ ಖಗೋಳವಿಜ್ಞಾನಕ್ಕೆ ಇಂಥ ಪ್ರಯೋಗಗಳೇ ಅಡಿಪಾಯ ಹಾಕಿದವು.

ಈ ಪ್ರಯೋಗ ನಡೆಯುತ್ತಿದ್ದಾಗಲೇ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡವೂ ಅದೇ ಹುಡುಕಾಟದಲ್ಲಿತ್ತು. ಮೊದಲ ಘಟನೆ ಆ ತಂಡದ ಉಪಕರಣದಲ್ಲಿ ದಾಖಲಾದದ್ದು 1965ರ ಫೆಬ್ರವರಿ 23ರಂದು. ಕೋಲಾರದ ಘಟನೆಗಳು ಅದರ ನಂತರದವು. ಆದರೆ ಕೋಲಾರ ತಂಡದ ಲೇಖನ ‘ಫಿಸಿಕ್ಸ್ ಲೆಟರ್ಸ್’ನಲ್ಲಿ ಆಗಸ್ಟ್ 15ರಂದು ಪ್ರಕಟವಾಯಿತು; ರೈನ್ಸ್ ತಂಡದ ಲೇಖನ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಆಗಸ್ಟ್ 30ರಂದು. ಕಂಡದ್ದರಲ್ಲಿ ಅವರು ಮೊದಲಿಗರು, ಅಚ್ಚು ಹಾಕಿಸಿದ್ದರಲ್ಲಿ ಇವರು ಮೊದಲಿಗರು. ಹದಿನೈದು ದಿನಗಳ ಈ ಅಂತರವನ್ನು ನ್ಯೂಟ್ರಿನೊ ವಿಜ್ಞಾನದ ಚರಿತ್ರಕಾರರು ಇಂದಿಗೂ ಉಲ್ಲೇಖಿಸುತ್ತಾರೆ.

ಕೋಲಾರದ ನೆಲದಡಿಯ ಈ ಶೋಧದ ಸುದ್ದಿ ಯೂರೋಪಿನಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಕೆಲವೇ ವಾರಗಳಲ್ಲಿ ಮುದ್ರಿಸಿ, ಲೋಕದ ಎಲ್ಲ ಗ್ರಂಥಾಲಯಗಳಿಗೂ ತಲುಪಿಸಬಲ್ಲ ಪತ್ರಿಕೆಯೇ ಅಂಥ ಸಂದರ್ಭಕ್ಕೆ ಬೇಕಿತ್ತು. ಆದ್ಯತೆಯನ್ನು ಸ್ಥಾಪಿಸುವುದು ಪತ್ರಿಕೆಯ ಒಂದು ಕೆಲಸ. ಆ ಕೆಲಸವನ್ನು ಅಂದಿನ ಭಾರತೀಯ ಪತ್ರಿಕೆಗಳು ಅಷ್ಟೇ ದಕ್ಷತೆಯಿಂದ ಮಾಡಬಲ್ಲವಾಗಿರಲಿಲ್ಲ ಎಂಬುದನ್ನು ಒಪ್ಪಿಯೇ ಮುಂದಿನ ಚರಿತ್ರೆಯನ್ನು ನೋಡಬೇಕು.

ಪ್ರತ್ಯೇಕ ಪತ್ರಿಕೆಗಳ ಹುಟ್ಟು

1970ರಲ್ಲಿ ರಾಮನ್ ನಿಧನರಾದರು. ಎಲ್ಲ ವಿಷಯಗಳನ್ನೂ ಒಟ್ಟಿಗೆ ಹೊತ್ತು ಸಾಗುವ ‘ಪ್ರೊಸೀಡಿಂಗ್ಸ್’ನ ಕಾಲವೂ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಎಸ್. ರಾಮಶೇಷನ್ ಮೊದಲಾದವರ ಪ್ರಯತ್ನದಿಂದ ಅಕಾಡೆಮಿಯು ವಿಷಯವಾರು ಪತ್ರಿಕೆಗಳನ್ನು ಆರಂಭಿಸಿತು. ಭೌತವಿಜ್ಞಾನಕ್ಕಾಗಿ ‘ಪ್ರಮಾಣ’ 1973ರಲ್ಲಿ ಹೊರಬಂತು. ಇದರ ಪುಟಗಳಲ್ಲಿ ಕೋಲಾರ ಬೇಗನೆ ಕಾಣಿಸಿಕೊಂಡಿತು. ಗಣಿಯ ಪ್ರಯೋಗಗಳಲ್ಲಿ ದಾಖಲಾದ ಕೆಲವು ವಿಲಕ್ಷಣ ಘಟನೆಗಳು ಹೊಸ ಕಣವೊಂದರ ಕುರುಹಾಗಿರಬಹುದೆಂದು 1975ರಲ್ಲಿ ತಂಡವು ಸೂಚಿಸಿತು. ಆ ವರದಿ ‘ಫಿಸಿಕ್ಸ್ ಲೆಟರ್ಸ್’ನಲ್ಲಿ ಚಿಕ್ಕದಾಗಿ, ‘ಪ್ರಮಾಣ’ದಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. ಮುಂದೆ ಬೇರೆಡೆಯ ಪ್ರಯೋಗಗಳಿಂದ ಆ ಸೂಚನೆಗೆ ಸಮರ್ಥನೆ ದೊರೆಯಲಿಲ್ಲ. ಹಾಗಿದ್ದರೂ ಘಟನೆಗಳ ವಿವರ ಅಚ್ಚಿನಲ್ಲಿ ಉಳಿದಿರುವುದರಿಂದಲೇ ಅವನ್ನು ಇಂದಿಗೂ ಮರುಪರಿಶೀಲಿಸಲು ಸಾಧ್ಯವಾಗಿದೆ. ಪೂರ್ಣ ವಿವರಕ್ಕೆ ಎಡೆ ಕೊಡುವುದು ಪತ್ರಿಕೆಯ ಎರಡನೆಯ ಕೆಲಸ.

ಇದೇ ಅವಧಿಯಲ್ಲಿ ಖಗೋಳವಿಜ್ಞಾನಿಗಳೂ ಸಂಘಟಿತರಾದರು. 1972ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ನೆಲೆಯಾಗಿಸಿಕೊಂಡು ಭಾರತೀಯ ಖಗೋಳವಿಜ್ಞಾನ ಸಂಘ ಸ್ಥಾಪಿತವಾಯಿತು. ಅದರ ‘ಬುಲೆಟಿನ್’ 1973ರಿಂದ ಪ್ರಕಟವಾಗತೊಡಗಿತು. ಸಂಶೋಧನಾ ಲೇಖನಗಳ ಜೊತೆಗೆ ಸಂಘದ ಸಮ್ಮೇಳನಗಳ ಪ್ರಬಂಧಗಳಿಗೂ ಅದು ಆಸರೆಯಾಯಿತು.

ಬೆಂಗಳೂರು ಆ ವೇಳೆಗೆ ಖಗೋಳವಿಜ್ಞಾನದ ದೊಡ್ಡ ಕೇಂದ್ರವಾಗಿ ಬೆಳೆಯುತ್ತಿತ್ತು. ಕೊಡೈಕೆನಾಲ್ ವೀಕ್ಷಣಾಲಯವು 1971ರಲ್ಲಿ ವೇಣು ಬಪ್ಪು ಅವರ ನೇತೃತ್ವದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಗಿ, ಅನಂತರ ತನ್ನ ಕೇಂದ್ರವನ್ನು ಬೆಂಗಳೂರಿಗೆ ವರ್ಗಾಯಿಸಿತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1972ರಿಂದ ನಿರ್ದೇಶಕರಾಗಿದ್ದ ವಿ. ರಾಧಾಕೃಷ್ಣನ್ ರೇಡಿಯೊ ಖಗೋಳವಿಜ್ಞಾನದ ತಂಡವೊಂದನ್ನು ಕಟ್ಟಿದರು. ಈ ಹಿನ್ನೆಲೆಯಲ್ಲಿ ಅಕಾಡೆಮಿಯು 1980ರಲ್ಲಿ ‘ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರಾನಮಿ’ಯನ್ನು ಆರಂಭಿಸಿತು. ಮೊದಲ ಸಂಪುಟದಲ್ಲೇ ಎಸ್. ಚಂದ್ರಶೇಖರ್ ಅವರು ಖಗೋಳವಿಜ್ಞಾನದಲ್ಲಿ ಸಾಮಾನ್ಯ ಸಾಪೇಕ್ಷತೆಯ ಪಾತ್ರವನ್ನು ಕುರಿತು ಬರೆದ ಲೇಖನ ಅಚ್ಚಾಯಿತು. 1981ರಲ್ಲಿ ವಿವೇಕಾನಂದ್ ಮತ್ತು ರಮೇಶ್ ನಾರಾಯಣ್ ಪಲ್ಸಾರ್‌ಗಳ ಜನನ ದರವನ್ನು ಲೆಕ್ಕ ಹಾಕಿದ ಲೇಖನ, 1982ರಲ್ಲಿ ರಾಜಾರಾಂ ನಿತ್ಯಾನಂದ ಮತ್ತು ನಾರಾಯಣ್ ಅವರು ಅಪೂರ್ಣ ರೇಡಿಯೊ ಮಾಹಿತಿಯಿಂದ ಚಿತ್ರವನ್ನು ಮರುರಚಿಸುವ ಗಣಿತವನ್ನು ಚರ್ಚಿಸಿದ ಲೇಖನ ಇದೇ ಪತ್ರಿಕೆಯಲ್ಲಿ ಬಂದವು. ಎರಡನ್ನೂ ಹೊರದೇಶಗಳ ವಿದ್ವಾಂಸರು ಹಲವು ದಶಕಗಳ ಕಾಲ ಉಲ್ಲೇಖಿಸಿದರು.

ಆದ್ಯತೆಯ ವಿಷಯದಲ್ಲೂ ಬೆಂಗಳೂರಿನ ಮುದ್ರಣ ಹಿಂದುಳಿಯಲೇಬೇಕೆಂದಿಲ್ಲ ಎಂಬುದಕ್ಕೆ 1982ರ ನಿದರ್ಶನವಿದೆ. ಆ ವರ್ಷ ಸೆಕೆಂಡಿಗೆ ಸುಮಾರು 642 ಬಾರಿ ತಿರುಗುವ ಪಲ್ಸಾರ್ ಒಂದು ಪತ್ತೆಯಾಯಿತು. ಜೊತೆ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಂಡು ಅದು ಇಷ್ಟು ವೇಗ ಗಳಿಸಿದೆಯೆಂದೂ ಅದರ ಕಾಂತಕ್ಷೇತ್ರ ದುರ್ಬಲವಾಗಿರಬೇಕೆಂದೂ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅದೇ ವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಬೇರೊಂದು ತಂಡ ಅದೇ ಸಮಯದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಂಥದೇ ವಿಚಾರವನ್ನು ಮಂಡಿಸಿತು. ಇಂದು ಎರಡೂ ಲೇಖನಗಳನ್ನು ಜೊತೆಯಾಗಿ ಸ್ಮರಿಸಲಾಗುತ್ತದೆ.

ಗೌರಿಬಿದನೂರಿನ ಆಕಾಶ ನಕಾಶೆ

ಬೆಂಗಳೂರಿನ ಪತ್ರಿಕೆಗೂ ಕೋಲಾರ ಸೀಮೆಗೂ ಇರುವ ಅತ್ಯಂತ ಗಟ್ಟಿಯಾದ ಕೊಂಡಿ ಗೌರಿಬಿದನೂರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಸುತ್ತಲ ಬೆಟ್ಟಗಳು ಹೊರಗಿನ ರೇಡಿಯೊ ಗದ್ದಲವನ್ನು ತಡೆಯುವ ಈ ಬಯಲಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತವಿಜ್ಞಾನ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ರೇಡಿಯೊ ದೂರದರ್ಶಕವನ್ನು ನಿರ್ಮಿಸಿದವು. ಸಿ. ವಿ. ಶಾಸ್ತ್ರಿ ಇದರ ಮುಂದಾಳುಗಳಲ್ಲಿ ಪ್ರಮುಖರು. ಒಂದು ಸಾವಿರ ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಡಲಾಗಿತ್ತು: ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ 640, ದಕ್ಷಿಣಕ್ಕೆ ಸುಮಾರು 450 ಮೀಟರ್ ಉದ್ದಕ್ಕೆ 360. ಆಲಿಸುತ್ತಿದ್ದ ಕಂಪನಾಂಕ 34.5 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 8.7 ಮೀಟರ್.

ಈ ದೂರದರ್ಶಕದಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ರಚಿಸಿದ ಆಕಾಶ ನಕಾಶೆ 1990ರಲ್ಲಿ ಅಕಾಡೆಮಿಯ ಖಗೋಳವಿಜ್ಞಾನ ಪತ್ರಿಕೆಯ 11ನೆಯ ಸಂಪುಟದಲ್ಲಿ ಪ್ರಕಟವಾಯಿತು. ಖಗೋಳದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 50 ಡಿಗ್ರಿಯವರೆಗೆ, ಉತ್ತರಕ್ಕೆ 70 ಡಿಗ್ರಿಯವರೆಗೆ ಅದು ಆಕಾಶವನ್ನು ಆವರಿಸುತ್ತದೆ. ಅದರ ಸೂಕ್ಷ್ಮತೆ ನೆತ್ತಿಯ ಬಳಿ ಸುಮಾರು 26 ಕಲೆ ಅಗಲ, 42 ಕಲೆ ಉದ್ದ. ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ಒಂದು ಕಲೆ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು 30 ಕಲೆ. ಎಂದರೆ, ಚಂದ್ರಬಿಂಬದಷ್ಟು ಗಾತ್ರದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಆಕಾಶದ ಬಹುಭಾಗವನ್ನು ಚಿತ್ರಿಸಿದಂತೆ. ಇಷ್ಟು ಕಡಿಮೆ ಕಂಪನಾಂಕದಲ್ಲಿ ಇಷ್ಟು ವಿಸ್ತಾರವಾದ ನಕಾಶೆಗಳು ಲೋಕದಲ್ಲಿ ಅಂದು ತೀರ ವಿರಳವಾಗಿದ್ದವು.

ಇಂಥ ಕೃತಿಗೆ ಅವಸರದ ಪತ್ರಿಕೆ ಬೇಕಿಲ್ಲ, ಉದಾರವಾದ ಪತ್ರಿಕೆ ಬೇಕು. ನಕಾಶೆಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸಿ, ಮಾಪನದ ಕ್ರಮವನ್ನೂ ದೋಷಗಳ ಅಂದಾಜನ್ನೂ ಬಿಡಿಸಿ ಹೇಳಲು ಪುಟಗಳು ಬೇಕು. ನಾಲ್ಕು ಪುಟದ ಸುದ್ದಿಲೇಖನವಾಗಿ ಹೊರಗೆ ಅಚ್ಚಾಗಿದ್ದರೆ ನಕಾಶೆಯ ಸಾರಾಂಶ ಮಾತ್ರ ಉಳಿಯುತ್ತಿತ್ತು. ಗೌರಿಬಿದನೂರಿನ ಮುಂದಿನ ಸಾಧನೆಗಳ ಮಟ್ಟಿಗೆ ಹಾದಿ ಕವಲೊಡೆಯಿತು ಎಂಬುದನ್ನೂ ಇಲ್ಲಿ ಹೇಳಬೇಕು. 1997ರಿಂದ ಕೆಲಸ ಮಾಡತೊಡಗಿದ ಅಲ್ಲಿನ ಸೌರ ರೇಡಿಯೊ ಚಿತ್ರಗ್ರಾಹಕದ ವಿವರಣೆ 1998ರಲ್ಲಿ ‘ಸೋಲಾರ್ ಫಿಸಿಕ್ಸ್’ ಎಂಬ ವಿದೇಶೀ ಪತ್ರಿಕೆಯಲ್ಲಿ ಬಂತು. ಸೂರ್ಯನನ್ನು ಅಭ್ಯಸಿಸುವವರೆಲ್ಲ ಓದುವ ಪತ್ರಿಕೆ ಅದು. ಒಂದೇ ಬಯಲಿನ ಎರಡು ಕೃತಿಗಳು ಹೀಗೆ ಎರಡು ದಿಕ್ಕಿಗೆ ಹೋದದ್ದರಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಆದರೆ ಎಲ್ಲವೂ ಎರಡನೆಯ ದಿಕ್ಕಿಗೇ ಹರಿದರೆ ಮನೆಯ ಪತ್ರಿಕೆ ಒಣಗುತ್ತದೆ.

ಪತ್ರಿಕೆಯೆಂಬ ನೆನಪು

ಮನೆಯ ಪತ್ರಿಕೆಯಲ್ಲಿ ಅಚ್ಚಾದದ್ದು ಲೋಕದ ಕಣ್ಣಿಗೆ ಬೀಳದೆ ಹೋಗುತ್ತದೆಂಬ ಆಕ್ಷೇಪಣೆ ಹಳೆಯದು, ನಿಜವೂ ಹೌದು. ಅದಕ್ಕೆ ಪ್ರಸಿದ್ಧ ಉದಾಹರಣೆ ಖಗೋಳವಿಜ್ಞಾನಕ್ಕೆ ನೆರೆಯದಾದ ದ್ಯುತಿವಿಜ್ಞಾನದಲ್ಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ತಮ್ಮ 22ನೆಯ ವಯಸ್ಸಿನಲ್ಲಿ, 1956ರಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣವನ್ನು ಕುರಿತ ಲೇಖನವನ್ನು ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನಲ್ಲಿ ಪ್ರಕಟಿಸಿದರು. ಅದರ ಆಳವಾದ ಅರ್ಥವನ್ನು ಯಾರೂ ಗುರುತಿಸಲಿಲ್ಲ. 1969ರಲ್ಲಿ ಪಂಚರತ್ನಂ ಕಿರಿಯ ವಯಸ್ಸಿನಲ್ಲೇ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಕ್ವಾಂಟಮ್ ಭೌತವಿಜ್ಞಾನದಲ್ಲಿ ಜ್ಯಾಮಿತೀಯ ಪ್ರಾವಸ್ಥೆಯೆಂಬ ತತ್ತ್ವವನ್ನು ಮಂಡಿಸಿದಾಗ, ಅದರ ಪೂರ್ವರೂಪ ಪಂಚರತ್ನಂ ಅವರ ಲೇಖನದಲ್ಲಿದೆ ಎಂಬುದನ್ನು ರಾಮಶೇಷನ್ ಮತ್ತು ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ತೋರಿಸಿಕೊಟ್ಟರು. ಬೆರಿ ಅದನ್ನು ತುಂಬುಮನಸ್ಸಿನಿಂದ ಒಪ್ಪಿದರು. ಈಗ ಪಠ್ಯಗಳಲ್ಲಿ ಆ ಪ್ರಾವಸ್ಥೆಗೆ ಇಬ್ಬರ ಹೆಸರೂ ಸೇರಿವೆ.

ಮೂವತ್ತು ವರ್ಷ ಕಡೆಗಣಿತವಾದದ್ದು ಸ್ಥಳೀಯ ಪತ್ರಿಕೆಯ ದೌರ್ಬಲ್ಯವೆಂದರೆ ಒಪ್ಪಬೇಕು. ಆದರೆ ಅದನ್ನು ಮರಳಿ ಎತ್ತಿ ತೋರಿಸಿದವರು ಯಾರು ಎಂಬುದನ್ನೂ ಗಮನಿಸಬೇಕು. ಆ ಪತ್ರಿಕೆಯ ಹಳೆಯ ಸಂಪುಟಗಳನ್ನು ತಮ್ಮದೆಂದು ಭಾವಿಸಿ ಓದುತ್ತಿದ್ದವರೇ ಆ ಕೆಲಸ ಮಾಡಿದರು. ಪತ್ರಿಕೆ ಓದುಗ ಸಮುದಾಯದ ನೆನಪು. ಸಮುದಾಯವಿಲ್ಲದೆ ಆ ನೆನಪು ಎಚ್ಚರಗೊಳ್ಳುವುದಿಲ್ಲ.

ಬದಲಾದ ಕಾಲ

1991ರಲ್ಲಿ ಆರಂಭವಾದ ‘ಆರ್‌ಕೈವ್’ ಎಂಬ ವಿದ್ಯುನ್ಮಾನ ಭಂಡಾರವು ಪತ್ರಿಕೆಗಳ ಪಾತ್ರವನ್ನೇ ಬದಲಿಸಿತು. ಲೇಖನ ಅಚ್ಚಾಗುವ ಮೊದಲೇ ಅದರ ಕರಡು ಲೋಕಕ್ಕೆಲ್ಲ ಸಿಗುವಂತಾದ ಮೇಲೆ ಆದ್ಯತೆಗಾಗಿ ಪತ್ರಿಕೆಯನ್ನು ಕಾಯಬೇಕಾಗಿಲ್ಲ. ಉಳಿದ ಹೊಣೆಗಳೆಂದರೆ ಪರಿಶೀಲನೆ, ವಿವರಕ್ಕೆ ಎಡೆ ಮತ್ತು ಸಂರಕ್ಷಣೆ. ಅಕಾಡೆಮಿಯ ಪತ್ರಿಕೆಗಳು ಸ್ಪ್ರಿಂಗರ್ ಪ್ರಕಾಶನದ ಸಹಯೋಗದಲ್ಲಿ ಹೊರದೇಶಗಳಿಗೆ ತಲುಪುವ ವ್ಯವಸ್ಥೆಯೂ ಆಯಿತು. ಸಣ್ಣ ವಿದ್ವತ್ ಸಮುದಾಯವೊಂದು ಎರಡು ಪತ್ರಿಕೆಗಳನ್ನು ಪೋಷಿಸುವುದು ಕಷ್ಟವೆಂಬುದು ಕ್ರಮೇಣ ಸ್ಪಷ್ಟವಾಗಿ, ಖಗೋಳವಿಜ್ಞಾನ ಸಂಘದ ‘ಬುಲೆಟಿನ್’ 2014ರ ಸಂಪುಟದೊಂದಿಗೆ ಪ್ರತ್ಯೇಕ ಅಸ್ತಿತ್ವವನ್ನು ಮುಗಿಸಿ ಅಕಾಡೆಮಿಯ ಪತ್ರಿಕೆಯೊಡನೆ ವಿಲೀನವಾಯಿತು.

ಉಳಿದ ಹೊಣೆಗಳನ್ನು ಪತ್ರಿಕೆ ಹೇಗೆ ನಿರ್ವಹಿಸಬಲ್ಲದೆಂಬುದಕ್ಕೆ ಆಸ್ಟ್ರೋಸ್ಯಾಟ್ ನಿದರ್ಶನ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಈ ಖಗೋಳ ಉಪಗ್ರಹದ ಉಪಕರಣಗಳ ರಚನೆ, ಅಳತೆಯ ನಿಖರತೆ, ಕಕ್ಷೆಯಲ್ಲಿ ಅವುಗಳ ವರ್ತನೆ ಇವೆಲ್ಲವನ್ನೂ ವಿವರಿಸುವ ಲೇಖನಗಳು 2017ರ 38ನೆಯ ಸಂಪುಟದಲ್ಲಿ ಒಟ್ಟಾಗಿ ಬಂದವು. ಆ ಉಪಗ್ರಹದ ಮಾಹಿತಿಯನ್ನು ಬಳಸುವವರು ಯಾವ ದೇಶದವರಾಗಿದ್ದರೂ ಈ ಪುಟಗಳನ್ನು ತೆರೆಯಬೇಕಾಗುತ್ತದೆ. ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಮಾಲೂರಿಗೆ ನೆರೆಯ ತಾಲ್ಲೂಕಾದ ಹೊಸಕೋಟೆಯಲ್ಲಿ, ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಎಂ. ಜಿ. ಕೆ. ಮೆನನ್ ಪ್ರಯೋಗಾಲಯದಲ್ಲಿ. ಕೋಲಾರ ಗಣಿಯ ನ್ಯೂಟ್ರಿನೊ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಅದೇ ಮೆನನ್ ಅವರ ಹೆಸರನ್ನು ಆ ಪ್ರಯೋಗಾಲಯ ಹೊತ್ತಿದೆ. 1965ರಲ್ಲಿ ಈ ಸೀಮೆಯ ಆಳದಿಂದ ಹೊರಟ ಲೇಖನಕ್ಕೆ ಯೂರೋಪಿನ ಮುದ್ರಣ ಬೇಕಾಯಿತು. 2017ರಲ್ಲಿ ಇದೇ ಸೀಮೆಯ ಅಂಚಿನಲ್ಲಿ ಸಿದ್ಧವಾದ ಉಪಕರಣದ ವಿವರವನ್ನು ಲೋಕವೇ ಬೆಂಗಳೂರಿನ ಪತ್ರಿಕೆಯಲ್ಲಿ ಓದಬೇಕಾಯಿತು.

ಕನ್ನಡದ ಪಾಲು

ಈ ಚರಿತ್ರೆಯೆಲ್ಲವೂ ಇಂಗ್ಲಿಷಿನಲ್ಲಿ ನಡೆದಿದೆ. ಸಂಶೋಧನೆಯ ಭಾಷೆ ಲೋಕದ ವಿದ್ವಾಂಸರಿಗೆ ತಿಳಿಯಬೇಕಾದ್ದರಿಂದ ಅದು ಅನಿವಾರ್ಯ. ಆದರೆ ಕನ್ನಡ ಈ ಕ್ಷೇತ್ರಕ್ಕೆ ಪೂರ್ತಿ ಹೊರಗಿನದೂ ಅಲ್ಲ. ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಯಪಡಿಸಲು ಬರೆದ ಪುಸ್ತಿಕೆ ಹಲವು ಭಾರತೀಯ ಭಾಷೆಗಳಲ್ಲಿ ಹೊರಬಂತು, ಕನ್ನಡವೂ ಅವುಗಳಲ್ಲೊಂದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣರಾವ್ ಅವರು ಖಗೋಳವಿಜ್ಞಾನಕ್ಕೆ ಬೇಕಾದ ಕನ್ನಡವನ್ನು ತಮ್ಮ ಕೃತಿಗಳಲ್ಲಿ ಹದಗೊಳಿಸಿದರು.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಕ್ಕೂ ಮೊದಲೇ ಅಲ್ಲಿನ ಭೌತವಿಜ್ಞಾನ ಪ್ರಯೋಗಗಳು ನಿಂತಿದ್ದವು. ಆ ಸುರಂಗಗಳಿಗೆ ಇನ್ನು ಯಾರೂ ಇಳಿದು ಎಣಿಕೆಗಳನ್ನು ಮತ್ತೆ ತೆಗೆಯುವಂತಿಲ್ಲ. ಅಲ್ಲಿ ಕಂಡದ್ದಕ್ಕೆ ಈಗ ಅಚ್ಚಾದ ಪುಟಗಳೇ ಸಾಕ್ಷಿ. ಪತ್ರಿಕೆಯ ಪ್ರಯೋಜನವನ್ನು ಅಳೆಯುವಾಗ ಒಂದೆರಡು ವರ್ಷಗಳಲ್ಲಿ ಎಷ್ಟು ಉಲ್ಲೇಖ ದೊರೆಯಿತೆಂಬ ಲೆಕ್ಕದಷ್ಟೇ ಈ ಸಾಕ್ಷ್ಯದ ಬೆಲೆಯೂ ಗಣನೆಗೆ ಬರಬೇಕು. ಅಕಾಡೆಮಿಯ ಪತ್ರಿಕೆಗಳ ಹಳೆಯ ಸಂಪುಟಗಳು ಈಗ ಅದರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಕೋಲಾರದ ಮತ್ತು ಗೌರಿಬಿದನೂರಿನ ಮುಖ್ಯ ಲೇಖನಗಳನ್ನಾದರೂ ಅವುಗಳಿಂದ ಆಯ್ದು, ಸೂಕ್ತ ಪೀಠಿಕೆ ಮತ್ತು ವಿವರಣೆಗಳೊಡನೆ ಕನ್ನಡಕ್ಕೆ ತರುವುದು ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೆತ್ತಿಕೊಳ್ಳಬಹುದಾದ ಕೆಲಸ. ಮಾಲೂರಿನ, ಮುಳಬಾಗಿಲಿನ, ಶ್ರೀನಿವಾಸಪುರದ ಕಾಲೇಜಿನ ವಿದ್ಯಾರ್ಥಿಯೊಬ್ಬ ತನ್ನ ನೆಲದಡಿಯಲ್ಲಿ ಏನು ಕಂಡುಬಂತೆಂಬುದನ್ನು ತನ್ನ ಭಾಷೆಯಲ್ಲಿ ಓದುವಂತಾದರೆ, ಪಂಚರತ್ನಂ ಲೇಖನಕ್ಕೆ ದೊರೆತಂಥ ಎಚ್ಚರದ ಓದುಗರು ಈ ಪುಟಗಳಿಗೂ ದೊರೆತಾರು.